ಒಂದು ಪ್ರತಿ ಘಟ್ಟದ ಕೆಳಗೆ, ಒಂದು ಘಟ್ಟದ ಮೇಲೆ

ಹಾರ್ಡ್‌ಡಿಸ್ಕು ಕಟಕಟ ಎಂದು ಸದ್ದು ಮಾಡುತ್ತಿದ್ದರೆ ಮೊದಲು ಆಫ್ ಮಾಡಿ, ವೈರ್ ಕಿತ್ತು ಬನ್ನಿ. ಓದುವುದು ಆಮೇಲೆ. "ಇನ್ನೊಂದ್ಸಲ ಹಾಕಿ ನೋಡುವಾ" ಎನ್ನುವ ಆಸೆಗೆ ಹೋದ ಡಿಸ್ಕುಗಳೇ ಜಾಸ್ತಿ.

ಕುಮಟಾದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಇವೇ ಕೆಲಸ. ರಿಪೇರಿ ನನ್ನ ಕಸುಬಲ್ಲ. ಆದರೂ ಮಳೆಗಾಲ ಹಿಡಿದರೆ ಸಾಕು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಡಿಸ್ಕು ಸುತ್ತಿಕೊಂಡು "ಅಕ್ಕಾ, ಇದು ಓಪನ್ ಆಗ್ತಾ ಇಲ್ಲ" ಎಂದು ಯಾರಾದರೂ ಬಂದೇ ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಡಿಸ್ಕಿನ ಒಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಹೆಡ್ಡು ತಟ್ಟೆಗೆ ತಾಗುವುದಿಲ್ಲ. ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ಆ ಹೆಡ್ಡು ಕೆಟ್ಟಾಗ ಜಾಗ ಸಿಗದೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತದೆ. ಕಟಕಟ ಸದ್ದು ಸಾಮಾನ್ಯವಾಗಿ ಅದರದ್ದು. ಹಾಗೇ ಓಡಿಸುತ್ತಾ ಹೋದರೆ ತಟ್ಟೆಯ ಮೇಲಿನ ಪದರ ಕೆರೆದು ಹೋಗಬಹುದು. ಕೆರೆದು ಹೋದ ಜಾಗದಲ್ಲಿದ್ದ ಫೋಟೋವನ್ನು ಯಾವ ಲ್ಯಾಬೂ ತಂದುಕೊಡುವುದಿಲ್ಲ.

ಫ್ರಿಜ್ಜಿನಲ್ಲಿ ಇಟ್ಟರೆ ಸರಿಯಾಗ್ತದಂತೆ ಎಂದು ಈಗಲೂ ಹೇಳುವವರಿದ್ದಾರೆ. ನಮ್ಮ ಕರಾವಳಿಯಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿ ಎರಡೇ ನಿಮಿಷಕ್ಕೆ ಬೆವರುತ್ತದೆ, ಅಲ್ವಾ? ಅದೇ ನೀರು ತಟ್ಟೆಯ ಮೇಲೂ ಕೂರುತ್ತದೆ. ಮುಚ್ಚಳ ಬಿಚ್ಚಿ ನೋಡುವ ಕೆಲಸವನ್ನಂತೂ ಮಾಡಲೇಬೇಡಿ. ಹೆಡ್ಡು ತೇಲುವ ಸಂದಿಗೆ ಧೂಳಿನ ಕಣವೇ ದೊಡ್ಡ ಬಂಡೆ. ಅದೇ ಮಾಡೆಲ್ಲಿನ ಹಳೆ ಡಿಸ್ಕಿನಿಂದ ಸರ್ಕ್ಯೂಟ್ ಬೋರ್ಡು ಬದಲಾಯಿಸುವ ಉಪಾಯವೂ ಈಗಿನವುಗಳಲ್ಲಿ ಸುಮ್ನೆ ನಡೆಯುವುದಿಲ್ಲ. ಆಯಾ ಡಿಸ್ಕಿನ ಹೊಂದಾಣಿಕೆಯ ಮಾಹಿತಿ ಅದರ ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಸದ್ದು ಮಾಡುವ ಡಿಸ್ಕಿನಲ್ಲಿ ನಿಜಕ್ಕೂ ಬೇಕಾದದ್ದಿದ್ದರೆ ದಾರಿ ಒಂದೇ, ಡೇಟಾ ರಿಕವರಿ ಲ್ಯಾಬು. ಕಳಿಸುವ ಮೊದಲು ಎರಡು ಮಾತು ಕೇಳಿಕೊಳ್ಳಿ: ಡೇಟಾ ಸಿಗದಿದ್ದರೂ ದುಡ್ಡು ಕೊಡಬೇಕಾ, ಸಿಕ್ಕಿದ ಫೈಲುಗಳ ಪಟ್ಟಿಯನ್ನು ದುಡ್ಡು ಕಟ್ಟುವ ಮೊದಲೇ ತೋರಿಸುತ್ತಾರಾ.

ಸದ್ದಿಲ್ಲ, ಆದರೆ ಡಿಸ್ಕು ಕಾಣುತ್ತಿಲ್ಲ ಎಂದರೆ ಅಷ್ಟು ಗಾಬರಿ ಬೇಡ. ಕೇಬಲ್ ಬದಲಿಸಿ. ಯುಎಸ್‌ಬಿ ಹಬ್ ತೆಗೆದು, ಸಿಪಿಯು ಹಿಂಬದಿಯ ಪೋರ್ಟಿಗೆ ನೇರ ಹಾಕಿ. ಬೇರೆ ಅಡಾಪ್ಟರ್ ಇರುವ ದೊಡ್ಡ ಡಿಸ್ಕಾದರೆ ಅದರ 12 ವೋಲ್ಟಿನ ಅಡಾಪ್ಟರ್ ಸತ್ತಿರಬಹುದು. ಕಾರವಾರ, ಅಂಕೋಲಾ ಕಡೆಯಿಂದ ಬರುವವುಗಳಲ್ಲಿ ಪಿನ್ನುಗಳು ಹಸಿರುಗಟ್ಟಿರುತ್ತವೆ. ಉಪ್ಪುಗಾಳಿಯ ಕೆಲಸ ಅದು. ಡೆಸ್ಕ್‌ಟಾಪಿನ ಡಿಸ್ಕಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿದರೆ ಎಷ್ಟೋ ಸಲ ಎದ್ದು ಕೂರುತ್ತದೆ.

ಡಿಸ್ಕು ಕಂಡಿತು, ಆದರೆ ಕಂಪ್ಯೂಟರ್ "ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳುತ್ತಿದೆ. ಬೇಡ ಅನ್ನಿ. ಚೆಕ್ ಡಿಸ್ಕ್ ಕೂಡ ಓಡಿಸಬೇಡಿ. ಅದು ಫೈಲ್ ವ್ಯವಸ್ಥೆಯನ್ನು ಸರಿಮಾಡುವ ಸಾಧನ, ನಿಮ್ಮ ಫೈಲು ಉಳಿಸುವುದಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ನೀಲಿ ಬಣ್ಣ ಬಂದರೆ ಸದ್ಯಕ್ಕೆ ಆರೋಗ್ಯ. ಹಳದಿ ಬಂದರೆ ಇವತ್ತೇ ಕಾಪಿ ಮಾಡಿ, ನಾಳೆಗೆ ಇಡಬೇಡಿ. ಅದರಲ್ಲಿ ರಿಅಲೊಕೇಟೆಡ್ ಸೆಕ್ಟರ್ (ಕೆಟ್ಟದ್ದಕ್ಕೆ ಬದಲಿ ಕೊಟ್ಟ ಜಾಗ), ಪೆಂಡಿಂಗ್ ಸೆಕ್ಟರ್ (ಓದಲಾಗದೆ ಅನುಮಾನದಲ್ಲಿರುವ ಜಾಗ) ಎಂಬ ಎರಡು ಸಾಲು ನೋಡಿ. ಆ ಲೆಕ್ಕ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕು ಹೊರಟಿದೆ ಎಂದೇ ಅರ್ಥ. ಸಿಆರ್‌ಸಿ ಎರರ್ (ಡೇಟಾ ದಾರಿಯಲ್ಲಿ ಕೆಟ್ಟದ್ದರ ಲೆಕ್ಕ) ಮಾತ್ರ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು.

ನಡುನಡುವೆ ನಿಲ್ಲುವ ಡಿಸ್ಕಿನಿಂದ ಫೋಲ್ಡರ್ ಎಳೆದು ಕಾಪಿ ಮಾಡಲು ಹೋಗಬೇಡಿ. ಕೆಟ್ಟ ಜಾಗ ಸಿಕ್ಕಲ್ಲೇ ವಿಂಡೋಸ್ ಜೋತು ಬೀಳುತ್ತದೆ. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಕಾಪಿ ಸಾಧನ ಬಳಸಿ, ಇಡೀ ಡಿಸ್ಕನ್ನು ಅಷ್ಟೇ ದೊಡ್ಡ ಅಥವಾ ಅದಕ್ಕಿಂತ ದೊಡ್ಡ ಡಿಸ್ಕಿಗೆ ಇಳಿಸಿಕೊಳ್ಳಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಕೈ ಹಾಕುತ್ತದೆ. ಎಲ್ಲಿವರೆಗೆ ಬಂದೆ ಎಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಆ ಫೈಲನ್ನು ಪೆನ್‌ಡ್ರೈವಿನಲ್ಲೋ ಬೇರೆ ಡಿಸ್ಕಿನಲ್ಲೋ ಉಳಿಸಿದರೆ ಕರೆಂಟು ಹೋಗಿ ಬಂದ ಮೇಲೆ ನಿಂತಲ್ಲಿಂದಲೇ ಶುರು ಮಾಡಬಹುದು. ಜುಲೈ ತಿಂಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆಮೇಲೆ ಕಳೆದದ್ದನ್ನು ಹುಡುಕಿ ತೆಗೆಯುವ ಟೆಸ್ಟ್‌ಡಿಸ್ಕ್, ಫೋಟೋರೆಕ್ ಏನಿದ್ದರೂ ಇಳಿಸಿಕೊಂಡ ಪ್ರತಿಯ ಮೇಲೆ ಓಡಿಸಿ, ಮೂಲದ ಮೇಲಲ್ಲ. ಫೋಟೋರೆಕ್ ಫೋಟೋ ಕೊಡುತ್ತದೆ, ಹೆಸರು ಮಾತ್ರ ಕೊಡುವುದಿಲ್ಲ. ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಒಂದೇ ರಾಶಿಯಾಗಿ ಬರುತ್ತದೆ. ಮಳೆಗಾಲದ ರಾತ್ರಿಗಳಿಗೆ ಒಳ್ಳೆ ಕೆಲಸ.

ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಡಿಸ್ಕು) ಇರುವವರಿಗೆ ಸದ್ದಿನ ಮುನ್ಸೂಚನೆಯೂ ಇಲ್ಲ. ನಿನ್ನೆ ಇತ್ತು, ಇವತ್ತು ಇಲ್ಲ. ಡಿಲೀಟ್ ಆದದ್ದು ಮರಳಿ ಸಿಗುವುದೂ ಕಷ್ಟ, ಏಕೆಂದರೆ ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಬೆನ್ನಿಗೇ ಖಾಲಿ ಮಾಡಿಸುತ್ತದೆ. ಕರೆಂಟು ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡಲು ಎಸ್‌ಎಸ್‌ಡಿ ಬೇಡ. ಅದಕ್ಕೆ ತಿರುಗುವ ಡಿಸ್ಕೇ ವಾಸಿ.

ಈಗ ಇದೆಲ್ಲ ಬಾರದ ಹಾಗೆ ಮಾಡುವುದು ಹೇಗೆ ಎಂದು ನೋಡೋಣ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ. ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್ ಹರಡಿದ ಲೆಕ್ಕ ಇದು. ನಮ್ಮಲ್ಲಿ ಜನ ಮೂರನೆಯದನ್ನು ಪಕ್ಕದ ಮನೆಯಲ್ಲಿಟ್ಟು ಮುಗಿಸುತ್ತಾರೆ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ನದಿಗಳು ಉಕ್ಕಿದಾಗ ನೀರು ಒಂದು ಮನೆ ಬಿಟ್ಟು ಇನ್ನೊಂದಕ್ಕೆ ನುಗ್ಗಲಿಲ್ಲ. ಇಡೀ ಕೇರಿಗೇ ನುಗ್ಗಿತು. ಆದ್ದರಿಂದ ನನ್ನ ನಿಯಮ ಸೀದಾ: ಒಂದು ಪ್ರತಿ ಘಟ್ಟದ ಕೆಳಗೆ, ಒಂದು ಘಟ್ಟದ ಮೇಲೆ. ನನ್ನ ತವರುಮನೆ ಶಿರಸಿ ಹತ್ತಿರ. ನನ್ನ ಹತ್ತಿರ ಒಂದೇ ಥರದ ಎರಡು ಪೋರ್ಟಬಲ್ ಡಿಸ್ಕುಗಳಿವೆ. ಒಂದು ಅಂಗಡಿಯಲ್ಲಿ, ಇನ್ನೊಂದು ಅಮ್ಮನ ಕಪಾಟಿನಲ್ಲಿ. ಚೌತಿಗೆ ಹೋದಾಗ ಅದಲು ಬದಲು, ದೀಪಾವಳಿಗೆ ಮತ್ತೆ. ನಡುವೆ ಅಣ್ಣ ದೇವಿಮನೆ ಘಟ್ಟ ಇಳಿದು ಬಂದರೆ ಅವನ ಕೈಯಲ್ಲೂ ಕಳಿಸುತ್ತೇನೆ. ಮಾರಿಕಾಂಬಾ ಜಾತ್ರೆಗೆ ಬದಲಿಸ್ತೇನೆ ಅನ್ನಬೇಡಿ, ಅದು ಬರುವುದು ಎರಡು ವರ್ಷಕ್ಕೊಮ್ಮೆ.

ಅಂಗಡಿಯ ಡಿಸ್ಕು ದಿನವಿಡೀ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇರಬಾರದು. ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಸಿಕ್ಕಿಸಿದ್ದಕ್ಕೂ ಬೀಗ ಬೀಳುತ್ತದೆ. ಸಿಡಿಲು ಬಂದರೂ ಅಷ್ಟೇ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ನಮಗೆ ಹೊಸತಲ್ಲ. ಹತ್ತಿರ ಬಿದ್ದ ಸಿಡಿಲಿಗೆ ಸ್ಪೈಕ್ ಬಸ್ಟರ್ ಯಾವ ಲೆಕ್ಕವೂ ಅಲ್ಲ. ಪ್ಲಗ್ಗಿನ ಜೊತೆಗೆ ಲ್ಯಾನ್ ವೈರನ್ನೂ ಕಿತ್ತಿಡಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ. ಆದರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿದೆ, ಅಲ್ಲಿಂದ ಲ್ಯಾನ್ ವೈರ್ ನಿಮ್ಮ ಕಂಪ್ಯೂಟರಿಗೇ ಬರುತ್ತದೆ. ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನ ಎನ್ನುತ್ತಾರೆ. ನಮಗೆ ಇದು ಸರಿಯಾಗಿಯೇ ಬಂದಿದೆ: ಲೆಕ್ಕಪತ್ರದ ವರ್ಷ ಮುಗಿಯುವುದೂ ಅಂದೇ, ಗುಡುಗು ಶುರುವಾಗುವುದೂ ಆಚೀಚೆ.

ಗೂಗಲ್ ಡ್ರೈವಿನಲ್ಲಿ ಇದೆಯಲ್ಲ ಎನ್ನುವವರಿಗೆ: ಇರಲಿ, ಒಳ್ಳೆಯದೇ. ಆದರೆ ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್ ಮತ್ತು ಫೋಟೋ ಎರಡೂ ಸೇರಿವೆ. ಸಿಂಕ್ ಆಗುವ ಫೋಲ್ಡರಿನಲ್ಲಿ ಮಗು ಒಂದು ಫೈಲು ಅಳಿಸಿದರೆ ಅಲ್ಲೂ ಅಳಿಯುತ್ತದೆ. ಡ್ರೈವಿನ ಕಸದ ಬುಟ್ಟಿ ಅದನ್ನು 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ.

ಏನನ್ನು ಕಾಪಿ ಮಾಡಬೇಕು? ವಿಂಡೋಸ್ ಬೇಡ, ಸಾಫ್ಟ್‌ವೇರ್ ಬೇಡ, ಅವು ಮತ್ತೆ ಸಿಗುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ, ಲೆಕ್ಕ ಬರೆಯುವ ಟ್ಯಾಲಿಯ ಡೇಟಾ ಫೋಲ್ಡರ್, ಫೋನಿನ ಫೋಟೋ. ಇವುಗಳ ಜೊತೆ ಕನ್ನಡದವರು ಮರೆಯುವುದು ಫಾಂಟು. ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನ ಒಳಗಿರುವುದು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡವಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಒಬ್ಬರು ನಿವೃತ್ತ ಅಕ್ಕೋರು ಶಾಲೆಯ ಸ್ಮರಣ ಸಂಚಿಕೆ ತಂದಿದ್ದರು. ಫೈಲು ಪೂರ್ತಿ ಇತ್ತು, ಒಂದು ಸಾಲೂ ಓದಲು ಬರಲಿಲ್ಲ. ನನ್ನ ಹತ್ತಿರ ಆ ಫಾಂಟು ಇದ್ದದ್ದಕ್ಕೆ ಬಚಾವ್. ಹಾಗಾಗಿ ಫಾಂಟುಗಳನ್ನು ಬೇರೆ ಫೋಲ್ಡರಿನಲ್ಲಿಡಿ, ಮುಗಿದ ಕೆಲಸದ ಪಿಡಿಎಫ್ ಮಾಡಿಡಿ, ಬರೆಹವನ್ನು ಯುನಿಕೋಡಿಗೆ ಬದಲಿಸಿ ಅದನ್ನೂ ಇಡಿ. ಪೇಜ್‌ಮೇಕರಿನಲ್ಲಿ (ಹಳೆಯ ಪುಟ ವಿನ್ಯಾಸದ ಸಾಫ್ಟ್‌ವೇರ್) ಮಾಡಿದ್ದಿದ್ದರೆ ಇದು ಇನ್ನೂ ಜರೂರು. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ.

ರಾತ್ರಿಯಿಡೀ ನಡೆದ ಯಕ್ಷಗಾನದ ವಿಡಿಯೋ ಪೆನ್‌ಡ್ರೈವಿಗೆ ಹೋಗುತ್ತಿಲ್ಲ ಎಂದರೆ ಜಾಗದ ತೊಂದರೆಯೇ ಆಗಬೇಕಿಲ್ಲ. ಫ್ಯಾಟ್‌32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವು 4 ಜಿಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಇದ್ದುದನ್ನು ತೆಗೆದಿಟ್ಟುಕೊಂಡು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ.

ಕಾಪಿ ಆಯಿತು ಎಂದು ಬಂದ ಮೇಲೆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಅಲ್ಲಲ್ಲಿ ನಾಲ್ಕು ಫೈಲು ತೆರೆದು ನೋಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ತಾನೇ ಆನ್ ಆಗಿರುವುದುಂಟು. ಅದರ 48 ಅಂಕಿಯ ಕೀ ಇಲ್ಲದಿದ್ದರೆ, ಲ್ಯಾಪ್‌ಟಾಪ್ ಕೆಟ್ಟಾಗ ಚೆನ್ನಾಗಿರುವ ಡಿಸ್ಕೂ ತೆರೆಯುವುದಿಲ್ಲ. ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ.

ಇಡುವುದು ಎಲ್ಲಿ? ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿ ತುಂಬಿದೆ ಎಂದರ್ಥ, ಬದಲಿಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡಬೇಡಿ. ಹೊಗೆ, ಮಸಿ, ಬಿಸಿ ಮೂರೂ ಆಗದು. ತೇವ ಹೀರಲಿ ಎಂದು ಅಕ್ಕಿ ಡಬ್ಬಿಯಲ್ಲೂ ಇಡಬೇಡಿ, ಅದರ ಪುಡಿ ಕನೆಕ್ಟರಿನೊಳಗೆ ಹೋಗುತ್ತದೆ.

ಹಳೆ ಡಿಸ್ಕನ್ನು ಗುಜರಿಗೆ ಹಾಕುವಾಗ, ಓಡುತ್ತಿದ್ದರೆ ಕ್ವಿಕ್ ಅಲ್ಲದ ಪೂರ್ತಿ ಫಾರ್ಮ್ಯಾಟ್ ಮಾಡಿ. ಓಡದಿದ್ದರೆ ತಟ್ಟೆಗಳ ಮೂಲಕ ಡ್ರಿಲ್ಲಿನಿಂದ ತೂತು ಹೊಡೆಸಿ. ಲ್ಯಾಪ್‌ಟಾಪ್ ಡಿಸ್ಕುಗಳ ತಟ್ಟೆ ಹಲವು ಸಲ ಗಾಜಿನದ್ದು. ಹೊಡೆಯುವವರಿಗೆ ಕನ್ನಡಕ ಹಾಕಿಕೊಳ್ಳಲು ಹೇಳಿ.