ಸಂಡೂರು ಗುಡ್ಡದ ಮೇಲೆ ಮೋಡ ಕೂತಾಗ ನಾನು ಪ್ಲೇನ್ ಹೆಂಗೆ ಹಾರಿಸ್ತೀನಿ, ಯಾವಾಗ ಹಾರಿಸಲ್ಲ

ಎಲ್ಲೋ ಚಿಕ್ಕ ಪ್ಲೇನ್ ಬಿತ್ತು, ಹವಾಮಾನ ಸರಿ ಇರ್ಲಿಲ್ಲ ಅಂತ ಸುದ್ದಿ ಬಂದಾಗೆಲ್ಲ ಬಳ್ಳಾರಿಯಿಂದ ನಮ್ಮೋರು ಫೋನ್ ಮಾಡ್ತಾರೆ, ಎಂಜಿನ್ ಕೈ ಕೊಡ್ತೇನೋ ಅಂತ. ಭಾಳ ಸಲ ಎಂಜಿನ್ ಚೆನ್ನಾಗೇ ಓಡ್ತಿರ್ತೈತೆ. ಕೈ ಕೊಡೋದು ಪೈಲಟ್ ಕಿವಿ.

ಒಳಕಿವಿಯಲ್ಲಿ ನೀರಿನಂಥ ದ್ರವ ಐತಲ್ಲ, ಪ್ಲೇನ್ ನಿಧಾನಕ್ಕೆ ಒಂದ್ಕಡೆ ವಾಲಿ ತಿರುಗ್ತಾ ಇದ್ರೆ ಸ್ವಲ್ಪ ಹೊತ್ತಿಗೆ ಅದೂ ಜೊತೆಗೇ ತಿರುಗೋಕೆ ಹತ್ತಿ ನೆಟ್ಟಗೇ ಹೋಗ್ತಿದೀವಿ ಅನ್ನಿಸ್ಬಿಡ್ತೈತೆ, ಹೊರಗೆ ನೆಲ ಕಾಣ್ತಿದ್ರೆ ಕಣ್ಣು ಆ ಸುಳ್ಳು ಹಿಡೀತೈತೆ, ಮೋಡದೊಳಗೆ ಬರೀ ಬೆಳ್ಳಗೆ. ಎತ್ತರ ಕಮ್ಮಿ ಆಗ್ತೈತೆ ಅಂತ ಕಂಟ್ರೋಲ್ ಎಳೆದ್ರೆ ವಾಲಿದ್ದ ಪ್ಲೇನ್ ಇನ್ನೂ ಬಿಗಿಯಾಗಿ ಸುತ್ಕೊಂಡು ಇಳೀತೈತೆ. 1954ರಲ್ಲಿ ಅಮೆರಿಕದ ಇಲಿನಾಯ್ ಯೂನಿವರ್ಸಿಟಿಯೋರು ಮೋಡದಲ್ಲಿ ಹಾರಿಸಿ ಅಭ್ಯಾಸ ಇಲ್ಲದ 20 ಮಂದೀನ ಟೆಸ್ಟ್ ಮಾಡಿದ್ರು, 20 ಮಂದಿಗೂ ಕಂಟ್ರೋಲ್ ತಪ್ತು, ಸರಾಸರಿ 178 ಸೆಕೆಂಡಿಗೆ. ಜಾನ್ ಕೆನಡಿಯ ಮಗ 1999ರ ಜುಲೈ 16ರ ರಾತ್ರಿ ತಾನೇ ಪ್ಲೇನ್ ಹಾರಿಸ್ತಾ ಸಮುದ್ರದ ಮೇಲೆ ಮಬ್ಬಲ್ಲಿ ಹಿಂಗೇ ಹೋದ, ಜೊತೆಗೆ ಹೆಂಡ್ತಿ, ಅವಳ ಅಕ್ಕ. ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದ್ರೆ ಹೊರಗೆ ಕಾಣದಿದ್ರೂ ಮೀಟರ್ ನೋಡ್ಕೊಂಡೇ ಹಾರಿಸೋ ಪರವಾನಗಿ, ಇರ್ಲಿಲ್ಲ ಅವನಿಗೆ.

ನಂಗೆ ಐತೆ. ಆದ್ರೆ ಐಎಲ್‌ಎಸ್ (ರೇಡಿಯೋ ಸಿಗ್ನಲ್ಲಿಂದ ರನ್‌ವೇಗೆ ದಾರಿ ತೋರಿಸೋ ವ್ಯವಸ್ಥೆ) ಇಲ್ಲದ ಸ್ಟ್ರಿಪ್ಪಿಗೆ ಕೊನೆಗೆ ಕಣ್ಣಲ್ಲೇ ನೋಡಿ ಇಳೀಬೇಕು, ಅದಕ್ಕೆ ರೇಟಿಂಗ್ ಇಟ್ಕೊಂಡು ಏನ್ ಮಾಡೋದು. ಜುಲೈ-ಆಗಸ್ಟ್ ಬೆಳಗ್ಗೆ ಹೊತ್ತು ಸಂಡೂರು ಸಾಲಿನ ನೆತ್ತಿ ಮೋಡದೊಳಗೇ ಇರ್ತೈತೆ. ಬೆಂಗಳೂರು ಬಿಡೋಕ್ ಮುಂಚೆ ತೋರಣಗಲ್ಲು ಕಡೆ ಇರೋ ಹುಡುಗಂಗೆ ಫೋನ್ ಹಚ್ತೀನಿ, ಹವಾಮಾನ ಹೆಂಗೈತಿ ಅಂತ ಕೇಳಲ್ಲ, ಕೇಳಿದ್ರೆ ಎಲ್ರೂ "ಚಲೋ ಐತ್ರಿ" ಅಂತಾರೆ, ಗುಡ್ಡದ ತುದಿ ಕಾಣ್ತೈತೇನಪ್ಪ ಅಂತ ಕೇಳ್ತೀನಿ. "ಕಾಣವಲ್ದು ಸರ್" ಅಂದ್ರೆ ಇನ್ನೊಂದು ಚಹಾ. ರೂಲ್ ಪ್ರಕಾರ ಕಣ್ಣಲ್ಲಿ ನೋಡ್ಕೊಂಡು ಹಾರಿಸ್ಬೇಕಂದ್ರೆ 5 ಕಿಲೋಮೀಟರ್ ಕಾಣ್ಬೇಕು, ನಾನು 8 ಇಟ್ಕೊಂಡೀನಿ, ಯಾಕಂದ್ರೆ ಮೇಲೆ ಹೋದ್ಮೇಲೆ ನಾನೇ ಚೌಕಾಸಿಗೆ ಇಳೀತೀನಿ ಅಂತ ನಂಗೇ ಗೊತ್ತು.

ಚೌಕಾಸಿ ಹಿಂದಿನ ಸೀಟಿಂದಾನೂ ಬರ್ತೈತೆ. ಪ್ಲೇನ್ ಸಾವ್ಕಾರ್ರದ್ದು, ಗಣಿ ಜನ, ಟೈಮ್ ಅಂದ್ರೆ ರೊಕ್ಕ. ಒಂದ್ಸಲ ಕೂಡ್ಲಿಗಿ ದಾಟಿದ್ಮೇಲೆ ಮುಂದೆ ಮೋಡ ಇಳ್ಕೊಂಡು ಕೂತಿತ್ತು, "ಕ್ಯಾಪ್ಟನ್, ಕೆಳಗೆ ರೋಡ್ ಕಾಣ್ತೈತಲ್ರಿ, ಅದನ್ನೇ ಹಿಡ್ಕೊಂಡು ಹೋಗ್ರಿ" ಅಂದ್ರು. ರೋಡ್ ಹಿಡ್ಕೊಂಡು ಹೋದ್ರೆ ಮೋಡ ಕೆಳಗಿಳೀತಾ ಗುಡ್ಡ ಮೇಲೇರ್ತಾ ಎರಡೂ ಸೇರೋ ಜಾಗಕ್ಕೆ ನಾವು ನೆಟ್ಟಗೆ ಹೋಗ್ತೀವಿ. "ಸಾವ್ಕಾರ್ರೇ, ಹುಬ್ಳಿಗೆ ಹೋಗಾಣ, ಕಾರಿಗೆ ಹೇಳ್ರಿ" ಅಂದೆ. ಮುಖ ಗಂಟಾಯ್ತು, ಆಗ್ಲಿ. 2001ರಲ್ಲಿ ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ ಕಾನ್ಪುರದ ಸಭೆಗೆ ಹೊರಟ ಕಿಂಗ್ ಏರ್ ಅನ್ನೋ ಚಿಕ್ಕ ಪ್ಲೇನ್ ಕೆಟ್ಟ ಹವಾಮಾನದಲ್ಲಿ ಮೈನ್‌ಪುರಿ ಹತ್ರ ಬಿತ್ತು, 8 ಮಂದೀಲಿ ಒಬ್ರೂ ಉಳೀಲಿಲ್ಲ.

ತಿರುಗೋದು ಮೋಡ ಮುಟ್ಟೋಕ್ ಮುಂಚೆ. ಅಕಸ್ಮಾತ್ ಒಳಗೆ ಹೊಕ್ಕೇಬಿಟ್ರೆ ಹೊರಗೆ ನೋಡಲ್ಲ, ಪ್ಲೇನ್ ಎಷ್ಟು ವಾಲೈತೆ ಅಂತ ತೋರಿಸೋ ಆಟಿಟ್ಯೂಡ್ ಇಂಡಿಕೇಟರ್ ಮೇಲೇ ಕಣ್ಣು, 110 ನಾಟ್ ಸ್ಪೀಡಿಗೆ 16 ಡಿಗ್ರಿ ವಾಲಿಸ್ತೀನಿ, ಸೆಕೆಂಡಿಗೆ 3 ಡಿಗ್ರಿ ಲೆಕ್ಕದಲ್ಲಿ ಒಂದು ನಿಮಿಷಕ್ಕೆ ಬಂದ ದಾರಿಗೇ ಮುಖ ಆಗ್ತೈತೆ. ಆ ಒಂದು ನಿಮಿಷ ಕಿವಿ ಏನೇನೋ ಹೇಳ್ತೈತೆ, ನೆಟ್ಟಗೆ ಮಾಡಿದ್ಮೇಲೂ ಇನ್ನೊಂದ್ಕಡೆ ವಾಲ್ತಿದೀವಿ ಅನ್ನಿಸ್ತೈತೆ. ಹೋಗೋಕೆ, ಹುಬ್ಳಿಗೆ ತಿರುಗೋಕೆ, ಅಲ್ಲೂ ಆಗದಿದ್ರೆ ವಾಪಸ್ ಬೆಂಗಳೂರಿಗೆ, ಮೂರಕ್ಕೂ ಸಾಕಾಗೋಷ್ಟು ಪೆಟ್ರೋಲ್ ಹಾಕಿಸ್ತೀನಿ, ಅದಕ್ಕೆ ಒಬ್ಬ ಪ್ಯಾಸೆಂಜರ್ ಕಮ್ಮಿ ಮಾಡ್ಬೇಕಾದ್ರೂ ಸರಿ.