ಎಚ್‌ಐವಿ ಹೊಕ್ಕ ಕೋಶದ ಜೀನ್‌ಗಳನ್ನು ಅಳೆಯುವ ಬಗೆ

ಟ್ಯೂಬಿನಲ್ಲಿರುವ ಆರ್‌ಎನ್‌ಎ ಯಾವ ಕೋಶದ್ದು? ಎಚ್‌ಐವಿ ಬೆಳೆಯುವಾಗ ಸಿಡಿ4 ಟಿ ಕೋಶದ (ಅದು ಮುಖ್ಯವಾಗಿ ಹೊಕ್ಕುವ ರಕ್ಷಣಾ ಕೋಶ) ಜೀನ್‌ಗಳಲ್ಲಿ ಏನಾಗುತ್ತದೆಂದು ನೋಡಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ. ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಯ ಲ್ಯಾಬುಗಳಿಗೆ ಬರುವ ಹುಡುಗರು ಬಂದ ದಿನವೇ ಸೀಕ್ವೆನ್ಸಿಂಗ್ (ಆರ್‌ಎನ್‌ಎ ಓದಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಎಣಿಸುವುದು) ಯಾವಾಗ ಅನ್ನುತ್ತಾರೆ. ನಾನು ಒಂದು ಚೀಟಿಯಲ್ಲಿ ಲೆಕ್ಕ ಬರೆದು ಕೊಡುತ್ತೇನೆ.

100 ಕೋಶಗಳಲ್ಲಿ 10ಕ್ಕೆ ಸೋಂಕು ತಗುಲಿದೆ ಅನ್ನಿ. ಆ ಹತ್ತರಲ್ಲಿ ಒಂದು ಜೀನ್ 8 ಪಟ್ಟು ಏರಿದೆ. ಕೋಶಕ್ಕೆ 1ರಂತೆ ಎಂದಿನ ಅಳತೆ 100; ಎಲ್ಲವನ್ನೂ ಒಟ್ಟಿಗೆ ಅರೆದರೆ 80 ಮತ್ತು 90 ಸೇರಿ 170, ಅಂದರೆ 1.7 ಪಟ್ಟು ಮಾತ್ರ. ಇನ್ನೊಂದು ಜೀನ್ ಸೋಂಕಿತ ಕೋಶಗಳಲ್ಲಿ ಪೂರ್ತಿ ಆರಿಹೋಗಿದ್ದರೂ ಒಟ್ಟು ಅಳತೆ 90. ಒಬ್ಬ ರಕ್ತದಾನಿಗೂ ಇನ್ನೊಬ್ಬನಿಗೂ ಇರುವ ಸಹಜ ವ್ಯತ್ಯಾಸವೇ ಅದಕ್ಕಿಂತ ಹೆಚ್ಚು. ಹೀಗಾಗಿ ಬೆರಕೆ ಮಾದರಿಯಲ್ಲಿ ಏರಿದ ಜೀನ್ ಅಷ್ಟಿಷ್ಟು ಕಾಣುತ್ತದೆ, ಇಳಿದದ್ದು ಕಾಣುವುದೇ ಇಲ್ಲ. ಜೊತೆಗೆ, ಇಂಟರ್‌ಫೆರಾನ್ (ವೈರಸ್ ಕಂಡ ಕೋಶ ಸ್ರವಿಸುವ ಎಚ್ಚರಿಕೆಯ ಪ್ರೋಟೀನ್) ತಗುಲಿದ ನೆರೆಯ 90 ಕೋಶಗಳು ಐಎಸ್‌ಜಿ15, ಐಎಫ್‌ಐಟಿ1, ಎಂಎಕ್ಸ್1 ಜೀನ್‌ಗಳನ್ನು ಏರಿಸಿ ಕೂತಿರುತ್ತವೆ. ಪಟ್ಟಿಯ ಮೇಲ್ತುದಿಯಲ್ಲಿ ಅವನ್ನು ಕಂಡು ವೈರಸ್ ಒಳಗೆ ಹೀಗೆ ಮಾಡಿತು ಎಂದು ಬರೆದುಬಿಡುವುದು ಸುಲಭ.

ಆದ್ದರಿಂದ ಕೋಶಗಳನ್ನು ಬೇರ್ಪಡಿಸಲೇಬೇಕು. ಕೋಶದೊಳಗಿನ ವೈರಸ್ಸಿನ ಪಿ24 ಪ್ರೋಟೀನಿಗೆ ಬಣ್ಣ ಹಾಕಿ ಬೇರ್ಪಡಿಸುವ ಆಸೆ ಬೇಡ. ಅದಕ್ಕೆ ಫಾರ್ಮಾಲ್ಡಿಹೈಡ್ ಹಾಕಿ ಕೋಶದ ಪೊರೆ ತೂತು ಮಾಡಬೇಕು, ಅಷ್ಟರಲ್ಲಿ ಆರ್‌ಎನ್‌ಎ ಕೆಟ್ಟಿರುತ್ತದೆ. ನಾವು ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಹೊತ್ತ ವೈರಸ್ ಬಳಸಿ, 48 ಗಂಟೆಗೆ ಜೀವಂತ ಕೋಶಗಳನ್ನೇ ಯಂತ್ರದಲ್ಲಿ ಸಾರ್ಟ್ ಮಾಡುತ್ತೇವೆ, ಅಂದರೆ ಬೇರ್ಪಡಿಸುತ್ತೇವೆ. ಜೈವಿಕ ಸುರಕ್ಷತಾ ಕೋಣೆಯೊಳಗೆ ಸಾರ್ಟರ್ ಇಲ್ಲದಿದ್ದರೆ, ಮೇಲ್ಮೈಯಲ್ಲಿ ಇಲಿಯ ಸಿಡಿ24 ಪ್ರೋಟೀನ್ ತೋರಿಸುವ ವೈರಸ್ ಮತ್ತು ಅದನ್ನು ಹಿಡಿಯುವ ಅಯಸ್ಕಾಂತದ ಕಾಲಂ ಸಾಕು. 72 ಗಂಟೆ ದಾಟಿದರೆ ಸಾಯುವ ಕೋಶಗಳ ಗದ್ದಲವೇ ಜಾಸ್ತಿ.

ಹಸಿರಾಗದ ಕೋಶವೆಲ್ಲ ಸೋಂಕಿಲ್ಲದ ಕೋಶವಲ್ಲ. ವೈರಸ್ ಒಳಹೊಕ್ಕು ಸುಮ್ಮನಾದವೂ, ಇನ್ನೂ ಪ್ರೋಟೀನ್ ಮಾಡದವೂ ಅಲ್ಲಿರುತ್ತವೆ. ಅದಕ್ಕೇ ಯಾವಾಗಲೂ ಮೂರು ಗುಂಪು: ವೈರಸ್ ಕಾಣದ ಕೋಶ, ವೈರಸ್ ಕಂಡೂ ಹಸಿರಾಗದ ಕೋಶ, ಹಸಿರು ಕೋಶ. ಮೊದಲಿನ ಎರಡರ ನಡುವಿನ ಅಂತರ ಬಹುಮಟ್ಟಿಗೆ ಸುತ್ತಲಿನ ವಾತಾವರಣದ್ದು, ಕೊನೆಯ ಎರಡರ ನಡುವಿನದು ಬಹುಮಟ್ಟಿಗೆ ವೈರಸ್ಸಿನದು.

ಹೊಸಬರು ಗಾಬರಿಯಾಗುವುದು ಇನ್ನೊಂದು ಕಡೆ. ಫ್ಲೋ ಯಂತ್ರದಲ್ಲಿ (ಕೋಶದ ಮೇಲಿನ ಪ್ರೋಟೀನ್‌ಗಳನ್ನು ಬಣ್ಣ ಹಾಕಿ ಅಳೆಯುವುದು) ಸೋಂಕಿತ ಕೋಶದ ಮೇಲ್ಮೈಯಿಂದ ಸಿಡಿ4 ಮಾಯವಾಗಿರುತ್ತದೆ, ಸೀಕ್ವೆನ್ಸಿಂಗಿನಲ್ಲಿ ನೋಡಿದರೆ ಅದರ ಆರ್‌ಎನ್‌ಎ ಚೆನ್ನಾಗಿಯೇ ಇರುತ್ತದೆ. ಮಾದರಿ ಅದಲುಬದಲಾಗಿಲ್ಲ. ವೈರಸ್ಸಿನ ನೆಫ್ ಮತ್ತು ವಿಪಿಯು ಸಿಡಿ4 ಪ್ರೋಟೀನನ್ನು ಎಳೆದು ನಾಶಮಾಡುತ್ತವೆ, ಜೀನಿನ ತಂಟೆಗೆ ಹೋಗಬೇಕಾಗಿಲ್ಲ. ಸಿಡಿ4 ಕಳೆದುಕೊಂಡ ಇಂಥ ಕೋಶಗಳನ್ನು ಸಾರ್ಟಿನಲ್ಲಿ ಹಿಡಿಯಲು ಸಿಡಿ3 ಇದ್ದು ಸಿಡಿ8 ಇಲ್ಲದವು ಎಂದು ಗೇಟ್ (ಆಯ್ಕೆಯ ಗಡಿ) ಹಾಕಿ.

ಕೋಶ ತಯಾರಿಯಲ್ಲಿ ಎಡವುವುದು ಸಣ್ಣ ಸಂಗತಿಗಳಲ್ಲಿ. ಫಿಕಾಲ್ (ರಕ್ತದ ಕೋಶಗಳನ್ನು ಸಾಂದ್ರತೆಯಂತೆ ಪದರವಾಗಿ ಬೇರ್ಪಡಿಸುವ ದ್ರವ) ಸಾಂದ್ರತೆ 1.077, 400 ಜಿ, 30 ನಿಮಿಷ, ಬ್ರೇಕ್ ಆಫ್. ಪುಣೆಯ ಮೇ ತಿಂಗಳಲ್ಲಿ ಎಸಿ ಕೈಕೊಟ್ಟ ಕೋಣೆಯಲ್ಲಿ ಮಾಡಿದರೆ ಫಿಕಾಲ್ ಬಿಸಿಯಾಗಿ ಸಾಂದ್ರತೆ ಇಳಿದು ಲಿಂಫೋಸೈಟ್‌ಗಳು ತಳಕ್ಕೆ ಜಾರುತ್ತವೆ. ಫ್ರಿಜ್ಜಿನಿಂದ ತೆಗೆದದ್ದನ್ನೇ ಸುರಿದರೆ ಉಲ್ಟಾ, ಬೇಡದ ಕೋಶಗಳೂ ಪದರಕ್ಕೆ ಸೇರುತ್ತವೆ. 18ರಿಂದ 20 ಡಿಗ್ರಿ ಸರಿ. ನಂತರ ಸಿಡಿ4 ಕೋಶಗಳನ್ನು ಮುಟ್ಟದೆ ಉಳಿದವನ್ನು ತೆಗೆಯುವ ಕಿಟ್, ಟಿ ಕೋಶ ಎಬ್ಬಿಸುವ ಸಿಡಿ3/ಸಿಡಿ28 ಮಣಿಗಳು ಕೋಶಕ್ಕೊಂದರಂತೆ, ಅದನ್ನು ಬೆಳೆಸುವ ಐಎಲ್-2 ಮಿಲಿಲೀಟರಿಗೆ 30 ಯೂನಿಟ್, ಎರಡರಿಂದ ಮೂರು ದಿನ. ಈ ಪ್ರಚೋದನೆಯೊಂದೇ ಸಾವಿರಾರು ಜೀನ್‌ಗಳನ್ನು ಅಲ್ಲಾಡಿಸುತ್ತದೆ, ಹಾಗಾಗಿ ಕಂಟ್ರೋಲ್ ಕೋಶವೂ ಅದೇ ದಿನ, ಅದೇ ಮಣಿಯಿಂದ ಎದ್ದಿರಬೇಕು.

ವೈರಸ್ ಹಾಕಿ 1,200 ಜಿಯಲ್ಲಿ ಎರಡು ಗಂಟೆ ತಿರುಗಿಸುತ್ತೇವೆ. ಶೇ 10–20 ಕೋಶ ಹಸಿರಾದರೆ ಸಾಕು. ಸುರಿದಷ್ಟೂ ಒಂದೇ ಕೋಶದಲ್ಲಿ ಹಲವು ಪ್ರತಿ ಸೇರಿಕೊಂಡು ಲೆಕ್ಕ ಕೆಡುತ್ತದೆ. ಸ್ಟಾಕನ್ನು ಶೇ 20 ಸಕ್ಕರೆ ದ್ರಾವಣದ ಮೇಲೆ ಇಳಿಸಿ ಶುದ್ಧ ಮಾಡಿ, ಉಳಿದ ಪ್ಲಾಸ್ಮಿಡ್ (ವೈರಸ್ ತಯಾರಿಸಲು ಕೊಟ್ಟ ಡಿಎನ್‌ಎ ಉಂಗುರ) ತೆಗೆಯಲು ಡಿಎನ್‌ಏಸ್ ಕಿಣ್ವ ಹಾಕಿ. ಬರೀ ಮೀಡಿಯಂ ಹಾಕಿದ್ದನ್ನು ಕಂಟ್ರೋಲ್ ಎನ್ನಬೇಡಿ. ವೈರಸ್ ಜೀನಿಲ್ಲದ ಪ್ಲಾಸ್ಮಿಡ್ ಕೊಟ್ಟ 293ಟಿ ಕೋಶಗಳ (ವೈರಸ್ ತಯಾರಿಸಲು ಬಳಸುವ ಕೋಶ) ದ್ರವ ಅದೇ ಹಾದಿಯಲ್ಲಿ ಬಂದಿರಬೇಕು.

ಹಂತಗಳನ್ನು ಬಿಡಿಸಲು ಔಷಧಗಳಿವೆ. ಎಫಾವಿರೆಂಜ್ ಮೊದಲೇ ಕೊಟ್ಟರೆ ವೈರಸ್ ಒಳಹೊಕ್ಕರೂ ಡಿಎನ್‌ಎ ಆಗುವುದಿಲ್ಲ. ರಾಲ್ಟೆಗ್ರಾವಿರ್ 1 ಮೈಕ್ರೋಮೋಲಾರ್ ಕೊಟ್ಟರೆ ಡಿಎನ್‌ಎ ಆಗುತ್ತದೆ, ಕ್ರೋಮೋಸೋಮಿಗೆ ಹೊಲಿದುಕೊಳ್ಳುವುದಿಲ್ಲ. ಔಷಧ ಮಾತ್ರ ಕೊಟ್ಟ ಟ್ಯೂಬೂ ಇರಲಿ. ಎರಡನೇ ಸುತ್ತಿನ ಸೋಂಕು ತಡೆಯಲು ತಡವಾಗಿ ಸೇರಿಸುವುದಾದರೆ ರಾಲ್ಟೆಗ್ರಾವಿರ್ ಇರಲಿ, ಎಫಾವಿರೆಂಜ್ ಬೇಡ. ಅದು ವೈರಸ್ಸಿನ ಪ್ರೋಟಿಯೇಸನ್ನು ಕೋಶದೊಳಗೇ ಅಕಾಲದಲ್ಲಿ ಎಬ್ಬಿಸಿ, ಕೋಶದ ಕಾರ್ಡ್8 ಎಂಬ ಕಾವಲು ಪ್ರೋಟೀನಿನ ಮೂಲಕ ನೀವು ಅಳೆಯಬೇಕಾದ ಕೋಶವನ್ನೇ ಕೊಲ್ಲಬಲ್ಲದು.

ಆರ್‌ಎನ್‌ಎ ತೆಗೆಯುವುದರಲ್ಲಿ ಹೊಸದೇನಿಲ್ಲ. ಒಂದು ಎಚ್ಚರ ಮಾತ್ರ: ಈ ಕೋಣೆಗಳಲ್ಲಿ ಎಲ್ಲ ಕಸಕ್ಕೂ ಹೈಪೋಕ್ಲೋರೈಟ್ ಸುರಿಯುವ ಅಭ್ಯಾಸ ಕೈಗೆ ಅಂಟಿರುತ್ತದೆ. ಆರ್‌ಎನ್‌ಎ ತೆಗೆಯಲು ಬಳಸುವ ಟ್ರೈಜಾಲ್ ದ್ರವದ ಕಸಕ್ಕೆ ಸುರಿದರೆ ವಿಷಾನಿಲ ಏಳುತ್ತದೆ. ಟ್ರೈಜಾಲ್ ಡಬ್ಬಕ್ಕೆ ಬೇರೆ ಬಣ್ಣದ ಮುಚ್ಚಳ ಹಾಕಿ.

ಕಂಪ್ಯೂಟರಿನ ಮುಂದೆ ಇನ್ನೊಂದು ಗುಂಡಿ ಕಾದಿದೆ. ವೈರಸ್ಸಿನ ಟ್ಯಾಟ್ ಪ್ರೋಟೀನು ಕೋಶದ ಸಿಡಿಕೆ9 ಮತ್ತು ಸೈಕ್ಲಿನ್ ಟಿ1 ಜೋಡಿಯನ್ನು ವೈರಸ್ ಆರ್‌ಎನ್‌ಎಯ ತುದಿಗೆ ಕರೆತರುತ್ತದೆ. ನಡುವೆ ನಿಂತಿದ್ದ ಪಾಲಿಮರೇಸ್ (ಆರ್‌ಎನ್‌ಎ ಬರೆಯುವ ಕಿಣ್ವ) ಓಡಲು ಶುರು, ಆ ಓಟದಿಂದ ಇನ್ನಷ್ಟು ಟ್ಯಾಟ್. ಹಸಿರು ಕೋಶದ ರೀಡ್‌ಗಳಲ್ಲಿ (ಸೀಕ್ವೆನ್ಸಿಂಗಿನಲ್ಲಿ ಓದಿದ ತುಣುಕುಗಳು) ಶೇ 30 ವೈರಸ್ಸಿನದೇ ಆಯಿತು ಅನ್ನಿ. ಕೋಶದ ಜೀನ್‌ಗಳಿಗೆ ಉಳಿದದ್ದು 70 ಪಾಲು. ಒಂದಿಷ್ಟೂ ಅಲುಗದ ಜೀನ್ ಕೂಡ ಹತ್ತು ಲಕ್ಷ ರೀಡಿಗೆ 100 ಇದ್ದದ್ದು 70 ಆಗಿ, ವೈರಸ್ ಎಲ್ಲವನ್ನೂ ಅದುಮಿತು ಅನ್ನಿಸುತ್ತದೆ. ವೈರಸ್ ರೀಡ್ ತೆಗೆದಿಟ್ಟು, ಕೋಶದ್ದರ ಮೇಲೆ ಮಾತ್ರ ನಾರ್ಮಲೈಸ್ ಮಾಡಿ. ಕೋಶದ ಒಟ್ಟು ಆರ್‌ಎನ್‌ಎಯೇ ಕುಸಿದಿದ್ದರೆ ಇದೂ ಸಾಲದು. ಎಣಿಸಿದ ಕೋಶಗಳ ಲೆಕ್ಕಕ್ಕೆ ಸರಿಯಾಗಿ ಲೈಸಿಸ್ (ಕೋಶ ಒಡೆಯುವ) ವೇಳೆಯೇ ಇಆರ್‌ಸಿಸಿ ಎಂಬ, ಪ್ರಮಾಣ ಗೊತ್ತಿರುವ ಕೃತಕ ಆರ್‌ಎನ್‌ಎ ಸೇರಿಸಿದ್ದರೆ ಮಾತ್ರ ಅದು ತಿಳಿಯುತ್ತದೆ.

ವೈರಸ್ ರೀಡ್ ಎಣಿಸಲು ಎಚ್‌ಎಕ್ಸ್‌ಬಿ2 ಎಂಬ ಎಚ್‌ಐವಿ ಮಾದರಿ ಅನುಕ್ರಮ ಹಾಕಿಬಿಡುವುದು ರೂಢಿ. ಅದು ಬಿ ಉಪವಿಧ, ಭಾರತದಲ್ಲಿ ಹೆಚ್ಚಾಗಿರುವುದು ಸಿ. ಎನ್ವ್ (ವೈರಸ್ಸಿನ ಹೊರಕವಚದ ಜೀನ್) ಭಾಗದ ಎಷ್ಟೋ ರೀಡ್‌ಗಳು ಅದರ ಮೇಲೆ ಕೂರುವುದಿಲ್ಲ, ಆಮೇಲೆ ಎನ್ವ್ ಕಡಿಮೆ ಎಂದು ತಲೆ ಕೆಡಿಸಿಕೊಳ್ಳುವುದು. ನಿಮ್ಮ ವೈರಸ್ಸಿನ ಅನುಕ್ರಮವನ್ನೇ ಹಾಕಿ. ವೈರಸ್ ಡಿಎನ್‌ಎಯ ಎರಡೂ ತುದಿಯ ಎಲ್‌ಟಿಆರ್ ಎಂಬ ಭಾಗ ಒಂದೇ ಆದ್ದರಿಂದ, ಎರಡು ಕಡೆ ಕೂರುವ ರೀಡನ್ನು ಸಾಫ್ಟ್‌ವೇರ್ ಎಸೆದುಬಿಡುತ್ತದೆ. ಒಂದನ್ನು ಮರೆಮಾಡಿ.

ಇಷ್ಟಾದ ಮೇಲೂ ಉಳಿದ ಜೀನ್‌ಗಳನ್ನು ವೈರಸ್ಸಿನ ಯಾವ ಭಾಗ ಮುಟ್ಟಿತು ಎಂದು ನೋಡಬೇಕು. ಜಿ2 (ಕೋಶ ವಿಭಜನೆಗೆ ಮುಂಚಿನ) ಹಂತದ ಜೀನ್‌ಗಳು ಗುಂಪಾಗಿ ಏರಿದ್ದರೆ, ಕೋಶವನ್ನು ಅಲ್ಲೇ ನಿಲ್ಲಿಸುವ ವಿಪಿಆರ್ ಪ್ರೋಟೀನ್ ಇಲ್ಲದ ವೈರಸ್ ಹಾಕಿ ನೋಡಿ, ಬಹುತೇಕ ಇಳಿಯುತ್ತವೆ. ವೈರಸ್ಸಿನ ವಿಫ್ ಪ್ರೋಟೀನು ಕೋಶದ ಸಿಬಿಎಫ್-ಬೀಟಾವನ್ನು ತನ್ನ ಕೆಲಸಕ್ಕೆ ಎಳೆದುಕೊಳ್ಳುವುದರಿಂದ ಅದರ ಜೊತೆಗಾರ ಪ್ರೋಟೀನ್ ರನ್ಕ್ಸ್ ಆಳುವ ಜೀನ್‌ಗಳಿಗೆ ಪೆಟ್ಟು ಬೀಳಬಹುದು, ಅದಕ್ಕೆ ವಿಫ್ ಇಲ್ಲದ್ದು. ಕೊನೆಗೆ ಹೊಸ ದಾನಿಗಳ ಕೋಶದಲ್ಲಿ ಕ್ಯೂಪಿಸಿಆರ್ (ಆಯ್ದ ಜೀನ್‌ಗಳ ಅಳತೆ). ಅಲ್ಲಿ ಹೋಲಿಕೆಗೆ ಜಿಎಪಿಡಿಎಚ್ ಜೀನ್ ಒಂದನ್ನೇ ನಂಬಬೇಡಿ. ಟಿ ಕೋಶ ಎದ್ದೊಡನೆ ಸಕ್ಕರೆ ಉರಿಸಲು ಅದನ್ನೇ ಏರಿಸುತ್ತದೆ.