ಚಂದ್ರನ ಒಳಗಿನ ಒತ್ತಡವನ್ನು ನಾನು ಲೆಕ್ಕ ಹಾಕಿದ ಬಗೆ

ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ, 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬಂದ ಪ್ರಶ್ನೆ ಒಂದಿತ್ತು: “ಸರ್, ಚಂದ್ರ ಒಳಗೆ ಟೊಳ್ಳು ಅಂತಾರಲ್ಲ, ಹೌದಾ?” ಅಲ್ಲ ಎಂದಷ್ಟೇ ಹೇಳುವ ಬದಲು, ಒಳಗಿನ ಒತ್ತಡವನ್ನು ಅವರ ಎದುರಿಗೇ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆ.

ಆರಂಭಿಸಿದ್ದು ಹೊರಕವಚದಿಂದ. ಚಂದ್ರನನ್ನು ಸುತ್ತಿದ ನಾಸಾದ ಗ್ರೇಲ್ ಅವಳಿ ನೌಕೆಗಳು 2012ರಲ್ಲಿ ಅಳೆದ ಗುರುತ್ವದ ಪ್ರಕಾರ ಕವಚದ ಸರಾಸರಿ ಸಾಂದ್ರತೆ ಘನಮೀಟರಿಗೆ 2,550 ಕಿಲೋಗ್ರಾಂ, ಸರಾಸರಿ ದಪ್ಪ 34ರಿಂದ 43 ಕಿಲೋಮೀಟರ್. ಸಾಂದ್ರತೆ, ಗುರುತ್ವ, ಆಳ ಈ ಮೂರನ್ನು ಗುಣಿಸಿದರೆ ಒತ್ತಡ ಸಿಗುತ್ತದೆ. ಮಲ್ಪೆಯ ಕಡಲಲ್ಲಿ ಹತ್ತು ಮೀಟರ್ ಮುಳುಗಿದಾಗ ಏರುವಷ್ಟು ಒತ್ತಡ ಏರಬೇಕಾದರೆ ಚಂದ್ರನ ಬಂಡೆಯೊಳಗೆ ಸುಮಾರು 24 ಮೀಟರ್ ಇಳಿಯಬೇಕು. 40 ಕಿಲೋಮೀಟರ್ ಆಳದಲ್ಲಿ ಬರುವುದು 165 ಮೆಗಾಪಾಸ್ಕಲ್ (ಒತ್ತಡದ ಅಳತೆ; ಒಂದು ಮೆಗಾಪಾಸ್ಕಲ್ ಎಂದರೆ ಹತ್ತು ಲಕ್ಷ ಪಾಸ್ಕಲ್). ಭೂಮಿಯಲ್ಲಿ ಅಷ್ಟೇ ಆಳದಲ್ಲಿ ಅದರ ಆರು ಪಟ್ಟಿಗೂ ಹೆಚ್ಚು.

ಟೊಳ್ಳಿನ ಊಹೆಯ ಬೇರು ಈ ಕಡಿಮೆ ಒತ್ತಡದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. 1969ರ ನವೆಂಬರ್ 20ರಂದು ಗಗನಯಾತ್ರಿಗಳನ್ನು ಚಂದ್ರನ ನೆಲದಿಂದ ಮೇಲಕ್ಕೆ ತಂದ ಅಪೊಲೊ 12ರ ಏರುನೌಕೆಯನ್ನು ಬೇಕೆಂದೇ ಚಂದ್ರನಿಗೆ ಅಪ್ಪಳಿಸಿದಾಗ ಕಂಪನ ಸುಮಾರು ಒಂದು ಗಂಟೆ ನಿಲ್ಲಲಿಲ್ಲ; ಚಂದ್ರ ಗಂಟೆಯಂತೆ ಮೊಳಗಿತು ಎಂಬ ಮಾತು ಹಬ್ಬಿತು. ಉಲ್ಕೆಗಳ ಹೊಡೆತದಿಂದ ಒಡೆದ ಬಂಡೆಯ ಬಿರುಕುಗಳನ್ನು ಮುಚ್ಚಿಸುವಷ್ಟು ಒತ್ತಡ ಮೇಲ್ಪದರಗಳಲ್ಲಿಲ್ಲ, ತರಂಗದ ಶಕ್ತಿಯನ್ನು ಹೀರುವ ನೀರೂ ಇಲ್ಲ. ಆದ್ದರಿಂದ ತರಂಗಗಳು ಬಿರುಕಿನಿಂದ ಬಿರುಕಿಗೆ ಚದರುತ್ತ ಬಹಳ ಹೊತ್ತು ಉಳಿಯುತ್ತವೆ.

ಒಳಗೆ ಹೋದಂತೆ ಗುರುತ್ವವೂ ಕುಗ್ಗುವುದರಿಂದ ಬರೀ ಗುಣಾಕಾರ ಸಾಲದು. ಚಂದ್ರ ಏಕರೂಪದ ಗೋಳವೆಂದು ಇಟ್ಟುಕೊಂಡರೆ ಕೇಂದ್ರದ ಒತ್ತಡವು ಸಾಂದ್ರತೆ, ಮೇಲ್ಮೈ ಗುರುತ್ವ ಮತ್ತು ತ್ರಿಜ್ಯಗಳ ಗುಣಲಬ್ಧದ ಅರ್ಧ. ಸಾಂದ್ರತೆ ಘನಮೀಟರಿಗೆ 3,340 ಕಿಲೋಗ್ರಾಂ, ಗುರುತ್ವ ಸೆಕೆಂಡಿನ ವರ್ಗಕ್ಕೆ 1.62 ಮೀಟರ್, ತ್ರಿಜ್ಯ 1,737 ಕಿಲೋಮೀಟರ್ ಎಂದು ಹಾಕಿದಾಗ 4.7 ಗಿಗಾಪಾಸ್ಕಲ್ (ಒಂದು ಗಿಗಾಪಾಸ್ಕಲ್ ಎಂದರೆ ಸಾವಿರ ಮೆಗಾಪಾಸ್ಕಲ್) ಬಂತು. ವಿದ್ಯಾರ್ಥಿಗಳು ಹೆಚ್ಚು ಬೆರಗಾದದ್ದು, ಅರ್ಧ ದಾರಿಯಲ್ಲೇ ಇದರ ಮುಕ್ಕಾಲು ಭಾಗ ಏರಿಬಿಡುತ್ತದೆ ಎಂಬುದಕ್ಕೆ. ಸುಮಾರು 700ರಿಂದ 1,100 ಕಿಲೋಮೀಟರ್ ಆಳದಲ್ಲಿ ಹುಟ್ಟುವ ಚಂದ್ರಕಂಪಗಳು 3ರಿಂದ 4 ಗಿಗಾಪಾಸ್ಕಲ್ ಒತ್ತಡದ ನಡುವೆ ಸಂಭವಿಸುತ್ತವೆ.

ಟೊಳ್ಳಿನ ಪ್ರಶ್ನೆಗೆ ನೇರ ಉತ್ತರ ಮೊಮೆಂಟ್ ಆಫ್ ಇನರ್ಷಿಯಾದಲ್ಲಿದೆ; ತಿರುಗುವ ವಸ್ತುವಿನ ದ್ರವ್ಯರಾಶಿ ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆ ಅದು. ಏಕರೂಪದ ಗೋಳಕ್ಕೆ ಅದರ ಗುಣಾಂಕ 0.4, ಟೊಳ್ಳಾದಷ್ಟೂ ಅದು 0.67ರತ್ತ ಏರಬೇಕು. ಚಂದ್ರನದು 0.393, ಎಂದರೆ ನಡುಭಾಗವೇ ತುಸು ಹೆಚ್ಚು ಸಾಂದ್ರ. ಅಪೊಲೊ ಕಂಪನದ ದಾಖಲೆಗಳನ್ನು ಮರುವಿಶ್ಲೇಷಿಸಿದ ವಿಜ್ಞಾನಿಗಳು 2011ರಲ್ಲಿ, 240 ಕಿಲೋಮೀಟರ್ ತ್ರಿಜ್ಯದ, ಕಬ್ಬಿಣ ಹೆಚ್ಚಿರುವ ಘನ ಒಳಗೋಳವನ್ನೂ ಅದರ ಸುತ್ತ 330 ಕಿಲೋಮೀಟರಿನವರೆಗೆ ದ್ರವಭಾಗವನ್ನೂ ಸೂಚಿಸಿದರು. ಆ ಕಬ್ಬಿಣದ ಗೋಳವನ್ನು ಸೇರಿಸಿ, ಪದರ ಪದರಕ್ಕೂ ಗುರುತ್ವವನ್ನು ಬೇರೆಯಾಗಿ ಕಂಡುಹಿಡಿದು ಕೂಡಿಸಿದಾಗ, ಕೇಂದ್ರದ ಒತ್ತಡ 5 ಗಿಗಾಪಾಸ್ಕಲ್ ದಾಟಿತು.